ಮಾಜಿ ಸೈನಿಕರ ಆಸ್ಪತ್ರೆಯ ಅಳತೆಗೋಲು

ಮಾಜಿ ಸೈನಿಕರ ಆಸ್ಪತ್ರೆ ಎಂದರೆ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು, ಹಳೆಯ ಗಾಯ ಮಾಯದವರು, ಕಾಗದಪತ್ರ ಹಿಡಿದು ಸರದಿಗಾಗಿ ಕಾದು ಕುಳಿತ ಮುದುಕರು. ವೈದ್ಯವಿಜ್ಞಾನದ ದಿಕ್ಕನ್ನೇ ಬದಲಿಸಿದ ಸಂಶೋಧನೆಯೊಂದು ಅಂಥ ಕಡೆ ನಡೆದೀತೆಂದು ಯಾರು ಎಣಿಸುತ್ತಾರೆ? ಆದರೆ ನಡೆದದ್ದು ಅಲ್ಲೇ, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ.

ಎರಡನೆಯ ಮಹಾಯುದ್ಧ ಮುಗಿದಿತ್ತು. ಬಾಂಬಿಗಾಗಿ ದುಡಿದಿದ್ದ ಓಕ್ ರಿಜ್‌ನ ಪರಮಾಣು ಸ್ಥಾವರದಿಂದ 1946ರಲ್ಲಿ ವಿಕಿರಣಶೀಲ ಐಸೋಟೋಪುಗಳು ಆಸ್ಪತ್ರೆಗಳಿಗೂ ಸಿಗತೊಡಗಿದವು. ಇವುಗಳಿಂದ ರೋಗಿಗಳಿಗೇನು ಪ್ರಯೋಜನ ಎಂಬುದನ್ನು ಕಂಡುಕೊಳ್ಳಲು ಬ್ರಾಂಕ್ಸ್ ಆಸ್ಪತ್ರೆ 1947ರ ಡಿಸೆಂಬರಿನಲ್ಲಿ ರೋಸಲಿನ್ ಯಾಲೋ ಎಂಬ ಭೌತವಿಜ್ಞಾನಿಯನ್ನು ಅರೆಕಾಲಿಕವಾಗಿ ನೇಮಿಸಿಕೊಂಡಿತು. ಪ್ರಯೋಗಾಲಯಕ್ಕೆ ಸಿಕ್ಕ ಜಾಗವೋ, ಕಸ ಗುಡಿಸುವವರು ಪೊರಕೆ, ಬಕೆಟ್ಟು ಇಡುತ್ತಿದ್ದ ಗೂಡು! ಬೇಕಾದ ಉಪಕರಣಗಳನ್ನು ಬಹುಪಾಲು ಆಕೆಯೇ ತಯಾರಿಸಿಕೊಳ್ಳಬೇಕಾಯಿತು.

1950ರ ಜುಲೈನಲ್ಲಿ ಅದೇ ಆಸ್ಪತ್ರೆಯ ತರುಣ ವೈದ್ಯ ಸಾಲೊಮನ್ ಬರ್ಸನ್ ಆಕೆಯ ಜೊತೆಗೂಡಿದ. ಪಿಟೀಲು ನುಡಿಸುತ್ತಿದ್ದ, ಚದುರಂಗ ಆಡುತ್ತಿದ್ದ ಈ ಮೇಧಾವಿಗೆ ಹಿಂದೊಮ್ಮೆ ಇಪ್ಪತ್ತೊಂದು ವೈದ್ಯಕೀಯ ಕಾಲೇಜುಗಳು ಸೀಟು ನಿರಾಕರಿಸಿದ್ದವು. ಆಕೆಗೆ ವಿಕಿರಣದ ಲೆಕ್ಕ ಗೊತ್ತು, ಈತನಿಗೆ ರೋಗಿಯ ದೇಹ ಗೊತ್ತು. ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಕಲಿತರು. ಆ ಜೊತೆಗಾರಿಕೆ ಇಪ್ಪತ್ತೆರಡು ವರ್ಷ ಬಾಳಿತು.

ಪರಮಾಣು ವೈದ್ಯನ ಕೆಲಸದ ಗುಟ್ಟು ಸರಳ. ನಮ್ಮ ಥೈರಾಯ್ಡ್ ಗ್ರಂಥಿಗೆ ಸಾಮಾನ್ಯ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಒಂದೇ ರೀತಿ ಹೀರಿಕೊಳ್ಳುತ್ತದೆ. ಹೊರಗೆ ಎಣಿಕೆಯ ಯಂತ್ರವಿಟ್ಟರೆ ಅದು ಎಷ್ಟು ಬೇಗ ಎಲ್ಲಿಗೆ ಹೋಯಿತೆಂಬುದು ಗೊತ್ತಾಗುತ್ತದೆ. ಅಯೋಡಿನ್ 131 ಸುಮಾರು ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುವುದರಿಂದ ಕೆಲವು ವಾರಗಳಲ್ಲಿ ಅದರ ಬಹುಪಾಲು ಇಲ್ಲವಾಗುತ್ತದೆ. ಬರ್ಸನ್ ಮತ್ತು ಯಾಲೋ ಮೊದಲು ಥೈರಾಯ್ಡಿನ ಕೆಲಸವನ್ನೂ ದೇಹದಲ್ಲಿರುವ ರಕ್ತದ ಪ್ರಮಾಣವನ್ನೂ ಹೀಗೆ ಅಳೆದರು. ಆಮೇಲೆ ಕೈಹಾಕಿದ್ದು ಇನ್ಸುಲಿನ್‌ಗೆ.

ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಬೇಗ ನಾಶವಾಗುತ್ತದೆ ಎಂಬ ಊಹೆಯೊಂದು ಆಗ ಚಾಲ್ತಿಯಲ್ಲಿತ್ತು. ಇವರು ಇನ್ಸುಲಿನ್‌ಗೆ ವಿಕಿರಣಶೀಲ ಅಯೋಡಿನ್ನಿನ ಗುರುತು ಹಾಕಿ ಚುಚ್ಚಿ ನೋಡಿದರೆ ಫಲಿತಾಂಶ ತಿರುವುಮುರುವು! ಅನೇಕ ರೋಗಿಗಳ ರಕ್ತದಲ್ಲಿ ಅದು ಬಹಳ ಹೊತ್ತು ಉಳಿಯಿತು. ಕೆದಕಿದಾಗ ತಿಳಿದದ್ದು, ಇದಕ್ಕೆ ಕಾರಣ ಕಾಯಿಲೆಯಲ್ಲ, ಚಿಕಿತ್ಸೆ. ದನ, ಹಂದಿಗಳಿಂದ ತೆಗೆದ ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿತ್ತು. ಅವು ಇನ್ಸುಲಿನ್ನನ್ನು ಕಚ್ಚಿ ಹಿಡಿದಿದ್ದವು.

ಅಷ್ಟು ಚಿಕ್ಕ ಪ್ರೋಟೀನಿಗೆ ಪ್ರತಿಕಾಯ ಹುಟ್ಟೀತೆ? ಪಂಡಿತರು ಒಪ್ಪಲಿಲ್ಲ. 1955ರಲ್ಲಿ ಒಂದು ಹೆಸರಾಂತ ಪತ್ರಿಕೆ ಇವರ ಪ್ರಬಂಧವನ್ನು ಹಿಂದಕ್ಕೆ ಕಳಿಸಿತು. ಶೀರ್ಷಿಕೆಯಿಂದ ‘ಪ್ರತಿಕಾಯ’ ಎಂಬ ಪದವನ್ನು ಕೈಬಿಟ್ಟ ಮೇಲೆ 1956ರಲ್ಲಿ ಅದೇ ಪತ್ರಿಕೆ ಅಚ್ಚು ಹಾಕಿತು. ಯಾಲೋ ಆ ತಿರಸ್ಕಾರದ ಪತ್ರವನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು.

ಆ ಪ್ರತಿಕಾಯದಿಂದಲೇ ಅಳತೆಗೋಲು ಹುಟ್ಟಿತು. ಇಂತಿಷ್ಟೇ ಸೀಟಿರುವ ಒಂದು ಬಸ್ಸನ್ನು ಊಹಿಸಿಕೊಳ್ಳಿ. ಕೆಂಪು ರುಮಾಲು ಸುತ್ತಿದ ಗೊತ್ತಾದಷ್ಟು ಜನ, ರುಮಾಲಿಲ್ಲದ ಎಷ್ಟೆಂದು ತಿಳಿಯದ ಜನ, ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಕೊನೆಗೆ ಸೀಟಿನಲ್ಲಿರುವ ಕೆಂಪು ರುಮಾಲುಗಳನ್ನು ಎಣಿಸಿದರೆ ಸಾಕು. ಅವು ಕಡಿಮೆಯಾದಷ್ಟೂ ಉಳಿದವರು ಹೆಚ್ಚೆಂದು ಅರ್ಥ. ಸೀಟು ಎಂದರೆ ಪ್ರತಿಕಾಯ, ರುಮಾಲು ಎಂದರೆ ವಿಕಿರಣದ ಗುರುತು, ಉಳಿದವರು ರೋಗಿಯ ರಕ್ತದ ಇನ್ಸುಲಿನ್. ಈ ವಿಧಾನದ ಹೆಸರು ರೇಡಿಯೋ ಇಮ್ಯುನೋ ಅಸ್ಸೆ. ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೂ ಅಳೆದು ಹೇಳುವ ಜಾಣ್ಮೆ ಇದರದು. ಇಲ್ಲಿ ರೋಗಿಯ ಮೈಗೆ ವಿಕಿರಣ ಸೋಕುವುದೇ ಇಲ್ಲ, ಎಲ್ಲವೂ ಗಾಜಿನ ನಳಿಗೆಯಲ್ಲೇ.

ಈ ಗೋಲಿನಿಂದ ಅಳೆದಾಗ, ದೊಡ್ಡ ವಯಸ್ಸಿನ ಅನೇಕ ಮಧುಮೇಹಿಗಳ ರಕ್ತದಲ್ಲಿ ಇನ್ಸುಲಿನ್ ಸಾಕಷ್ಟಿರುವುದೂ ಅದು ಕೆಲಸ ಮಾಡದಿರುವುದೂ 1960ರ ಹೊತ್ತಿಗೆ ಬಯಲಾಯಿತು. ಸಕ್ಕರೆ ಕಾಯಿಲೆ ಒಂದೇ ಬಗೆಯದಲ್ಲ ಎಂಬ ಮಾತಿಗೆ ಗಟ್ಟಿ ಆಧಾರ ಸಿಕ್ಕಿತು. ಬೆಳವಣಿಗೆಯ ಹಾರ್ಮೋನು, ರಕ್ತನಿಧಿಯ ಬಾಟಲಿಯಲ್ಲಿ ಅಡಗಿದ ಕಾಮಾಲೆಯ ವೈರಸ್, ಹೀಗೆ ಇದರ ವ್ಯಾಪ್ತಿ ಹಿಗ್ಗುತ್ತ ಹೋಯಿತು. ಪೇಟೆಂಟ್ ಪಡೆದಿದ್ದರೆ ಇಬ್ಬರೂ ಕುಬೇರರಾಗುತ್ತಿದ್ದರು. ಅವರು ಪಡೆಯಲಿಲ್ಲ. ಕೇಳಿ ಬಂದವರಿಗೆಲ್ಲ ವಿಧಾನವನ್ನು ಕಲಿಸಿಕೊಟ್ಟರು.

1972ರ ಏಪ್ರಿಲಿನಲ್ಲಿ, ಐವತ್ತನಾಲ್ಕು ತುಂಬುವ ಮೊದಲೇ, ಬರ್ಸನ್ ಹೃದಯಾಘಾತದಿಂದ ತೀರಿಕೊಂಡರು. ಸತ್ತವರಿಗೆ ನೊಬೆಲ್ ಕೊಡುವ ಪದ್ಧತಿಯಿಲ್ಲ. ವೈದ್ಯ ಪದವಿಯಿಲ್ಲದ ಯಾಲೋಗೆ ಇನ್ನು ಆ ಮನ್ನಣೆ ದಕ್ಕುವುದಿಲ್ಲವೆಂದೇ ಹಲವರು ಭಾವಿಸಿದರು. ಆಕೆ ಪ್ರಯೋಗಾಲಯಕ್ಕೆ ಬರ್ಸನ್ನರ ಹೆಸರಿಡಿಸಿದರು. ಇದರಿಂದ ಮುಂದೆ ಆಕೆ ಪ್ರಕಟಿಸಿದ ಪ್ರಬಂಧಗಳಲ್ಲಿ ವಿಳಾಸದ ಸಾಲಿನಲ್ಲಾದರೂ ಗೆಳೆಯನ ಹೆಸರು ಅಚ್ಚಾಗುತ್ತಿತ್ತು. 1977ರಲ್ಲಿ ನೊಬೆಲ್ ಬಂತು, ಅರ್ಧ ಪಾಲು ಯಾಲೋಗೆ. ಉಳಿದರ್ಧವನ್ನು ಹಂಚಿಕೊಂಡ ಇಬ್ಬರಲ್ಲಿ ಒಬ್ಬರಾದ ಆಂಡ್ರ್ಯೂ ಶಾಲಿ ಕೂಡ ನ್ಯೂ ಆರ್ಲಿಯನ್ಸಿನ ಮಾಜಿ ಸೈನಿಕರ ಆಸ್ಪತ್ರೆಯವರೇ! ಯಾಲೋ ನೊಬೆಲ್ ಉಪನ್ಯಾಸದಲ್ಲಿ ಹಳೆಯ ತಿರಸ್ಕಾರದ ಪತ್ರವನ್ನು ಸೇರಿಸಲು ಮರೆಯಲಿಲ್ಲ. 2011ರಲ್ಲಿ ಆಕೆಯೂ ಕಣ್ಮುಚ್ಚಿದರು.

ಇಂದು ಬಹುತೇಕ ಕಡೆ ವಿಕಿರಣದ ಗುರುತಿನ ಬದಲು ಬೆಳಕು ಸೂಸುವ ರಾಸಾಯನಿಕದ ಗುರುತು ಬಂದಿದೆ. ಪ್ರತಿಕಾಯದಿಂದ ಹಿಡಿದು ಅಳೆಯುವ ಯುಕ್ತಿ ಮಾತ್ರ ಹಾಗೆಯೇ ಉಳಿದಿದೆ. ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ರಕ್ತ ಕೊಟ್ಟು, ಸಂಜೆ ಥೈರಾಯ್ಡಿನ ವರದಿ ಕೈಗೆ ತೆಗೆದುಕೊಳ್ಳುವ ಗೃಹಿಣಿ ಹಣ ಕೊಡುವುದು ಲ್ಯಾಬಿಗೆ. ಪೊರಕೆಯ ಗೂಡಿನಲ್ಲಿ ಕುಳಿತು ಇದಕ್ಕೆ ದಾರಿ ಮಾಡಿದವರು ಅದಕ್ಕೆ ಬೆಲೆಯನ್ನೇ ಕಟ್ಟಲಿಲ್ಲ.