ಕೇಟಿ ಹಾಕಿದ ಸಹಿ

ಹಳೇ ಬೇಸ್‌ಬಾಲ್ ಆಟಗಾರರ ಸಹಿ ಇದ್ದ ಕಾಗದಪತ್ರ ಕೂಡಿಸೋದು ಅಮೆರಿಕಾದಾಗ ದೊಡ್ಡ ಹುಚ್ಚು. ಕರಾರು, ಚೆಕ್ಕು, ಪತ್ರ, ಏನಿದ್ರೂ ನಡೀತದ, ಕೆಳಗ ಸಹಿ ಇರಬೇಕು ಅಷ್ಟ. ಅದರಾಗ ಭಾಳ ಅಪರೂಪದ್ದು ಶೂಲೆಸ್ ಜೋ ಜಾಕ್ಸನ್‌ನ ಸಹಿ. ಯಾಕಂದ್ರ ಅವಂಗ ಓದಲಿಕ್ಕೆ ಬರೀಲಿಕ್ಕೆ ಬರತಿರಲಿಲ್ಲ. ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್‌ದಾಗ ಸಣ್ಣಾಂವ ಇದ್ದಾಗನ ಅರಿವಿ ಗಿರಣಿಗೆ ದುಡೀಲಿಕ್ಕೆ ಹೋದಾಂವ, ಸಾಲಿ ಕಟ್ಟಿ ಹತ್ತಲಿಲ್ಲ. ತನ್ನ ಹೆಸರಷ್ಟ ಚಿತ್ರ ತಗದಂಗ ನಿಧಾನಕ್ಕ ಬರೀತಿದ್ದ.

1908ರಾಗ ಕೇಟಿ ಜೋಡಿ ಲಗ್ನ ಆತು. ಆಮ್ಯಾಲೆ ಪತ್ರ ಓದಿ ಹೇಳಾಕಿನೂ ಅಕಿನ, ಮಂದಿ ಸಹಿ ಕೇಳಿದ್ರ ಗಂಡನ ಹೆಸರು ಬರದು ಕೊಡಾಕಿನೂ ಅಕಿನ. ಈಗ ಪ್ಯಾಟ್ಯಾಗ ಅದಕ್ಕ "ಹೆಂಡತಿ ಹಾಕಿದ್ದು" ಅಂತ ಕಿಮ್ಮತ್ತು ಕಡಿಮಿ. ಈ ಲೆಕ್ಕ ನನಗ ಒಟ್ಟ ಸೇರೂದಿಲ್ಲ ನೋಡ್ರಿ.

ಯಾಕಂದ್ರ ಅಕಿ ಓದದ ಕಾಗದದ ಕಥಿ ಒಂದದ. 1920ರಾಗ ಶಿಕಾಗೊ ವೈಟ್ ಸಾಕ್ಸ್ ಟೀಮಿನ ಕಾರ್ಯದರ್ಶಿ ಹ್ಯಾರಿ ಗ್ರಾಬಿನರ್, ಇವರಿದ್ದ ಸವಾನಾ ಊರಿಗೇ ಹೊಸ ಕರಾರು ಹಿಡಕೊಂಡು ಬಂದ. ಮೂರು ವರ್ಷದ್ದು, ವರ್ಷಕ್ಕ 8,000 ಡಾಲರ್. ಮಾಲಕರು 10 ದಿವಸದ ನೋಟಿಸ್ ಕೊಟ್ಟು ಆಟಗಾರನ್ನ ಕೈ ಬಿಡಬಹುದು ಅಂತ ಆಗಿನ ಕರಾರಿನಾಗ ಒಂದು ಕಲಮು ಇರತಿತ್ತು. "ಅದನ್ನ ತಗದೀವಿ" ಅಂತ ಗ್ರಾಬಿನರ್ ಹೇಳಿದ, ಕೇಟಿ ಓದೂಕಿಂತ ಮೊದಲ ಸಹಿ ಮಾಡಿಸಿಕೊಂಡ ಅಂತ ಜಾಕ್ಸನ್ ಮುಂದ ಹೇಳಿದ. ಕಲಮು ಮಾತ್ರ ಕಾಗದದಾಗ ಇದ್ದಲ್ಲೇ ಇತ್ತು. 1919ರ ವರ್ಲ್ಡ್ ಸಿರೀಸ್ ರೊಕ್ಕ ತಗೊಂಡು ಸೋತ್ರು ಅನ್ನೋ ಆರೋಪದಾಗ ಅವನ್ನ 1921ರಾಗ ಆಟದಿಂದ ಕಾಯಮ್ ಹೊರಗ ಹಾಕಿದ್ರು. ಬಾಕಿ ಪಗಾರಕ್ಕ ಹಾಕಿದ ದಾವಾದಾಗ, 1924ರಾಗ, ಜ್ಯೂರಿ ಇವನ ಕಡೆನ ಹೇಳಿತು. ಆದ್ರ ಸುಳ್ಳು ಸಾಕ್ಷಿ ಹೇಳ್ಯಾನ ಅಂತ ನ್ಯಾಯಾಧೀಶರು ಅದನ್ನ ತಗದು ಒಗದ್ರು. ಅಂವ ಖರೇ ಹೇಳಿದನೋ ಸುಳ್ಳು ಹೇಳಿದನೋ ಇರಲಿ, ಹೆಂಡತಿ ಒಮ್ಮೆ ಓದಿದ್ದರ ಇಷ್ಟು ರಾದ್ಧಾಂತ ಆಗತಿರಲಿಲ್ಲ.

ಕೂಡಿಸೋ ಮಂದಿಗೆ ಮಾತ್ರ ಅವನ ಕೈಯಿಂದ ಬಿದ್ದ ಸಹಿನ ಬಂಗಾರ. ಅವನ ಮೃತ್ಯುಪತ್ರಕ್ಕೂ ಹಂಗ ಆತು. ಅಂವ 1951ರಾಗ ತೀರಿಕೊಂಡ, ಕೇಟಿ 1959ರಾಗ. ಅಕಿ ತನ್ನ ಆಸ್ತಿ ಹೃದಯರೋಗದ ಸಂಸ್ಥೆಕ್ಕ, ಕ್ಯಾನ್ಸರ್ ಸಂಸ್ಥೆಕ್ಕ ಬಿಟ್ಟು ಹೋಗಿದ್ಲು. ಸಹಿಗೆ ಬೆಲಿ ಏರಿದ ಮ್ಯಾಲೆ, ಗ್ರೀನ್‌ವಿಲ್ ಕೋರ್ಟಿನಾಗಿದ್ದ ಜಾಕ್ಸನ್‌ನ ಮೂಲ ಮೃತ್ಯುಪತ್ರ ನಮಗ ಸೇರಬೇಕು ಅಂತ ಆ ಸಂಸ್ಥೆಗಳು ದಾವಾ ಹಾಕಿದವು. ಅದು ಸರಕಾರಿ ದಾಖಲೆ, ಕೊಡಲಿಕ್ಕೆ ಬರೂದಿಲ್ಲ ಅಂತ 1990ರ ದಶಕದಾಗ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು.

ಒಳ್ಳೆ ಕೆಲಸಕ್ಕ ರೊಕ್ಕ ಆಗತಿತ್ತಲ್ಲಾ ಅಂತೀರಿ. ಖರೇ ಅದ. ಆದ್ರ ಕೋರ್ಟು ಮಾಡಿದ್ದ ಸರಿ ಅಂತೀನಿ ನಾ. ಈ ದಂಧಾದಾಗ ಕಾಗದದಿಂದ ಸಹಿ ಅಷ್ಟ ಕತ್ತರಿಸಿ ಮಾರೋ ಪದ್ಧತಿನೂ ಅದ, ಮ್ಯಾಲಿನ ಬರಹ ಯಾರಿಗೂ ಬ್ಯಾಡ. ಗಂಡ ಹೆಂಡತಿಗೆ ಏನು ಬಿಟ್ಟ ಅಂತ ಬರದ ಕಾಗದ ಅದು, ಮಾರಿದ್ರ ಗ್ವಾಡಿ ಮ್ಯಾಲಿನ ಚೌಕಟ್ಟಿನಾಗ ಕೂಡತಿತ್ತು.

ನನಗೇನರ ಒಂದು ಆರಿಸಿಕೋ ಅಂದ್ರ, ಕಿಮ್ಮತ್ತು ಕಡಿಮಿ ಇದ್ರೂ ಕೇಟಿ ಕೈಬರಹದ ಪತ್ರ ತಗೋತೀನಿ.