ಬೀಗದ ಕೋಣೆಯ ಅರಿವು

‘ಹ್ಯಾಕರ್’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬ್ಯಾಂಕಿನ ಖಾತೆಯನ್ನು ಬರಿದುಮಾಡುವ, ಕಣ್ಣಿಗೆ ಕಾಣದ ಕಳ್ಳ. ಈ ಸಂಚಿಕೆಯಲ್ಲಿ ನಾವು ನೆನೆಯಬಯಸುವ ಹ್ಯಾಕರ್ ಯಾರ ಒಂದು ಕಾಸನ್ನೂ ಮುಟ್ಟಿದವನಲ್ಲ. ಆತ ಮುಟ್ಟಿದ್ದು ವಿದ್ವತ್ ಲೇಖನಗಳನ್ನು. 2013ರ ಜನವರಿ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡಾಗ ಆರನ್ ಸ್ವಾರ್ಟ್ಜ್‌ಗೆ 26 ವರ್ಷ. ಆಗ ಆತನ ಮೇಲೆ 13 ಆಪಾದನೆಗಳಿದ್ದವು.

ಹದಿನಾಲ್ಕನೆಯ ವಯಸ್ಸಿಗೇ ಅಂತರಜಾಲದ ತಾಣಗಳ ಹೊಸ ಬರಹಗಳನ್ನು ಓದುಗರಿಗೆ ತಾನಾಗಿ ಮುಟ್ಟಿಸುವ ‘ಆರ್‌ಎಸ್‌ಎಸ್’ ಎಂಬ ತಾಂತ್ರಿಕ ವಿಧಾನವನ್ನು ರೂಪಿಸಿದವರಲ್ಲಿ ಆತ ಒಬ್ಬ. ಹಣ ಗಳಿಸುವ ದಾರಿ ತೆರೆದೇ ಇತ್ತು. ಆದರೆ ಆತನ ಮನಸ್ಸು ಹರಿದದ್ದು ಸಾರ್ವಜನಿಕರದಾಗಿದ್ದೂ ಸಾರ್ವಜನಿಕರ ಕೈಗೆಟುಕದ ಸಂಪತ್ತಿನ ಕಡೆಗೆ. ಅಮೆರಿಕದ ಒಕ್ಕೂಟ ನ್ಯಾಯಾಲಯಗಳ ದಾಖಲೆಗಳನ್ನು ನೋಡಲು ಪ್ರಜೆಗಳು ಪುಟಕ್ಕೆ 8 ಸೆಂಟ್ ತೆರಬೇಕಿದ್ದ ಕಾಲದಲ್ಲಿ, 2008ರಲ್ಲಿ, ಕಾರ್ಲ್ ಮಾಲಮುಡ್ ಅವರೊಡಗೂಡಿ ಲಕ್ಷಾಂತರ ದಾಖಲೆಗಳನ್ನು ಇಳಿಸಿಕೊಂಡು ಎಲ್ಲರ ಮುಂದಿಟ್ಟ. ಎಫ್‌ಬಿಐ ವಿಚಾರಿಸಿತು, ಮೊಕದ್ದಮೆ ಹೂಡಲಿಲ್ಲ.

ಎರಡು ವರ್ಷಗಳ ಅನಂತರದ ಸಾಹಸ ಹಾಗೆ ಮುಗಿಯಲಿಲ್ಲ. ಬಾಸ್ಟನ್ ಬಳಿಯ ಎಂಐಟಿ ವಿದ್ಯಾಸಂಸ್ಥೆಯ ಜಾಲ ಅತಿಥಿಗಳಿಗೂ ತೆರೆದಿತ್ತು. ಆ ಬಾಗಿಲಿನಿಂದಲೇ ಒಳಹೊಕ್ಕು ‘ಜೆಸ್ಟೋರ್’ ಎಂಬ ವಿದ್ವತ್ ಪತ್ರಿಕೆಗಳ ಭಂಡಾರದಿಂದ ಸುಮಾರು 48 ಲಕ್ಷ ಬರಹಗಳನ್ನು ಆತ ಇಳಿಸಿಕೊಂಡ. ತಡೆದಾಗ ಗಣಕದ ಗುರುತನ್ನು ಬದಲಿಸಿದ. ಕೊನೆಗೆ ನೆಲಮಾಳಿಗೆಯ ತಂತಿಗಳ ಪುಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಚ್ಚಿಟ್ಟ. ಸೈಕಲ್ ಸವಾರರ ಹೆಲ್ಮೆಟ್ಟನ್ನು ಮುಖಕ್ಕೆ ಅಡ್ಡಹಿಡಿದು ಆ ಕೋಣೆ ಹೊಕ್ಕ ಹುಡುಗನ ಚಿತ್ರ ಗುಪ್ತ ಕ್ಯಾಮೆರಾದಲ್ಲಿ ಉಳಿದಿದೆ. ಮಾಡಿದ್ದೆಲ್ಲ ಸರಿಯೆಂದು ನಾವು ವಾದಿಸುತ್ತಿಲ್ಲ. ಆತನಿಂದಾಗಿ ಇಡೀ ಎಂಐಟಿಗೆ ಕೆಲವು ದಿನ ಆ ಭಂಡಾರದ ಬಾಗಿಲು ಮುಚ್ಚಿತ್ತು. ಆದರೆ ತಪ್ಪಿಗೂ ದಂಡನೆಗೂ ಒಂದು ಅಳತೆ ಬೇಡವೇ? ಪ್ರತಿಗಳನ್ನು ಹಿಂದಕ್ಕೆ ಪಡೆದ ಜೆಸ್ಟೋರ್ 2011ರಲ್ಲೇ ತನಗಿನ್ನು ವ್ಯಾಜ್ಯ ಬೇಡವೆಂದಿತು. ಸರಕಾರಿ ವಕೀಲರು ಬಿಡಲಿಲ್ಲ. ಆತ ಹುಟ್ಟಿದ 1986ರಲ್ಲೇ ಜಾರಿಗೆ ಬಂದಿದ್ದ ಗಣಕ ವಂಚನೆಯ ಕಾನೂನು ಆತನ ಕೊರಳಿಗೆ ಬಿತ್ತು. ಎಲ್ಲ ಆಪಾದನೆಗಳೂ ರುಜುವಾತಾದರೆ ಗರಿಷ್ಠ 50 ವರ್ಷ ಸೆರೆವಾಸ ಎಂಬ ಲೆಕ್ಕ ತಲೆಯ ಮೇಲೆ ತೂಗುತ್ತಿತ್ತು. ಎಂಐಟಿ ತಟಸ್ಥವಾಗಿ ಉಳಿಯಿತು. ಅರಿವಿನ ಮಂದಿರವೊಂದು ಇಂಥ ಹೊತ್ತಿನಲ್ಲಿ ತಟಸ್ಥವಾಗುವುದೂ ಒಂದು ಪಕ್ಷವೇ ಎಂದು ನಮಗೆ ತೋರುತ್ತದೆ. ಖಿನ್ನತೆ ಆತನಿಗೆ ಹೊಸದಲ್ಲ, ಹಿಂದೆಯೇ ಅದರ ಬಗ್ಗೆ ಬರೆದುಕೊಂಡಿದ್ದ. ಆದ್ದರಿಂದ ಸಾವಿಗೆ ಮೊಕದ್ದಮೆಯೊಂದೇ ಕಾರಣವೆನ್ನುವುದು ಆತುರದ ಮಾತಾದೀತು. ಮೂರು ದಿನಗಳ ಬಳಿಕ ಆಪಾದನೆಗಳನ್ನು ಹಿಂತೆಗೆದುಕೊಂಡರು.

ದೂರದ ಈ ಕಥೆ ನಮಗೇಕೆ? ಹೊರನಾಡಿನಲ್ಲಿ ನೆಲೆಸಿದವನಿಗೆ ಕನ್ನಡದ ಹಳೆಯ ಪುಸ್ತಕವೊಂದು ಬೇಕಾದಾಗಿನ ಪರದಾಟ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಊರಿಗೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಕಳಿಸುವುದು, ಅವರು ಬರಿಗೈಯಲ್ಲಿ ಮರಳುವುದು! ಇಂದು ಅಂಥ ಎಷ್ಟೋ ಪುಸ್ತಕಗಳು ‘ಇಂಟರ್‌ನೆಟ್ ಆರ್ಕೈವ್’ ಎಂಬ ಉಚಿತ ಭಂಡಾರದಲ್ಲಿ ದೊರೆಯುತ್ತವೆ. ಅದೇ ಸಂಸ್ಥೆಯ ‘ಓಪನ್ ಲೈಬ್ರರಿ’ಯನ್ನು ಕಟ್ಟಿದವರಲ್ಲಿ ಸ್ವಾರ್ಟ್ಜ್ ಪ್ರಮುಖ. ಆತನ ಸಂಗಡಿಗ ಮಾಲಮುಡ್ ಅವರ ಬೆಂಬಲದಿಂದ ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ತಂಡ ಕನ್ನಡ ಗ್ರಂಥಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಸೇರಿಸುತ್ತ ಬಂದಿದೆ. ಮುಂಬಯಿಯ ಚಾಳಿನಲ್ಲಿ ಕುಳಿತು ಹಳೆಯ ಕನ್ನಡ ಪುಟ ತಿರುವುವವನು ಆ ಹುಡುಗನ ಋಣದಲ್ಲಿ ಒಂದು ಪಾಲು ಹೊತ್ತಿದ್ದಾನೆ.

ಭಾರತ ಸರಕಾರ 2024ರ ನವೆಂಬರಿನಲ್ಲಿ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. ಸ್ವಾಗತಾರ್ಹವೇ. ಆದರೆ ಅದು ಸರಕಾರಿ ವಿದ್ಯಾಸಂಸ್ಥೆ ಮತ್ತು ಸಂಶೋಧನಾಲಯಗಳಿಗೆ. ನಿವೃತ್ತ ಅಧ್ಯಾಪಕನೂ ಸಂಘದ ಗ್ರಂಥಾಲಯದ ಓದುಗನೂ ಹೊಸ್ತಿಲ ಹೊರಗೇ. ಬೀಗ ಹಾಗೆಯೇ ಇದೆ, ಕೀಲಿಕೈಗಳ ಸಂಖ್ಯೆಯಷ್ಟೇ ಹೆಚ್ಚಿದೆ.

ಲೇಖಕನಿಗೆ ತನ್ನ ಕೃತಿಯ ಮೇಲೆ ಹಕ್ಕು ಬೇಡವೆನ್ನುವವರು ನಾವಲ್ಲ. ಬರಹದಿಂದಲೇ ಬದುಕುವವನ ಅನ್ನಕ್ಕೆ ಕೈಹಾಕಬಾರದು. ನಮ್ಮ ಕಾನೂನು ಲೇಖಕನ ನಿಧನದ ಬಳಿಕವೂ 60 ವರ್ಷ ಆ ಹಕ್ಕನ್ನು ಕಾಯುತ್ತದೆ. 1946ರಲ್ಲಿ ಅಗಲಿದ ಬಿ.ಎಂ.ಶ್ರೀ. ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು ಇಂದು ಎಲ್ಲರ ಸೊತ್ತು. ಆದರೆ ವಾರಸುದಾರರಿಗೇ ಮರೆತುಹೋದ, ಪ್ರಕಾಶಕನೇ ಉಳಿಯದ, ಮರುಮುದ್ರಣದ ಆಸೆಯೂ ಇಲ್ಲದ ನೂರಾರು ಪುಸ್ತಕಗಳ ಗತಿಯೇನು? ಅವನ್ನು ಕಾಯುತ್ತಿರುವುದು ಕಾನೂನಲ್ಲ, ಗೆದ್ದಲು.

ಇಷ್ಟು ಬರೆದು ನಮ್ಮ ಮನೆಯತ್ತ ನೋಡಿದರೆ ನಾಚಿಕೆಯಾಗುತ್ತದೆ. ಈ ತ್ರೈಮಾಸಿಕದ ಹಳೆಯ ಸಂಚಿಕೆಗಳು ಸಂಘದ ಕಚೇರಿಯ ಕಬ್ಬಿಣದ ಕಪಾಟಿನಲ್ಲಿವೆ. ಕೀಲಿಕೈ ಯಾರ ಬಳಿಯಿದೆಯೆಂದು ಕಳೆದ ತಿಂಗಳು ಎರಡು ದಿನ ಹುಡುಕಬೇಕಾಯಿತು. ತೆರೆದಾಗ ಕೆಳಗಿನ ಸಾಲಿನ ಕಟ್ಟುಗಳಿಗೆ ಮಳೆಗಾಲದ ತೇವ ತಗುಲಿತ್ತು. ಎಲ್ಲ ಸಂಚಿಕೆಗಳನ್ನೂ ಸ್ಕ್ಯಾನ್ ಮಾಡಿಸಿ ಯಾರೂ ಎಲ್ಲಿಂದಲೂ ಓದುವಂತೆ ಇಡಬೇಕೆಂಬ ಪ್ರಸ್ತಾವವನ್ನು ಕಾರ್ಯಕಾರಿ ಸಮಿತಿಯ ಮುಂದಿಟ್ಟಿದ್ದೇವೆ. ಇಲ್ಲಿ ಬರೆದವರು, ಬರೆದು ಅಗಲಿದವರ ಮಕ್ಕಳು ದಯವಿಟ್ಟು ಒಪ್ಪಿಗೆಯ ಒಂದು ಸಾಲು ಬರೆದು ಕಳಿಸಬೇಕು. ಒಲ್ಲೆನೆಂದವರ ಬರಹಗಳನ್ನು ಕೈಬಿಡುತ್ತೇವೆ. ಮೇಲಿನ ಸಾಲಿನ ಕಟ್ಟುಗಳು ಇನ್ನೂ ಒಣಗಿಯೇ ಇವೆ.