ಹಾಸಿಗೆ ಹಿಡಿದವರೂ ಮನೆಯ ಹಿರಿಯರೇ

ಕಳೆದ ತಿಂಗಳು ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಯಜಮಾನರಿಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿ ಮಾತೂ ನಿಂತಿತ್ತು. ಅವರ ಎದುರಿನಲ್ಲಿಯೇ ಮಕ್ಕಳು ಹೊಲವನ್ನು ಪಾಲಿಗೆ ಕೊಡುವ ಮಾತನ್ನಾಡುತ್ತಿದ್ದರು. "ತಂದೆಯವರನ್ನು ಕೇಳಿದಿರಾ?" ಎಂದೆವು. "ಅವರಿಗೇನು ತಿಳಿದೀತು, ಗುರುಗಳೇ?" ಎಂದನು ಹಿರಿಯ ಮಗ. ಯಜಮಾನರ ಕಣ್ಣುಗಳು ತುಂಬಿ ಬಂದವು.

ಮಾತು ಹೋದೊಡನೆ ಅರಿವೂ ಹೋಯಿತೆಂದು ನಾವು ತಿಳಿಯುವುದು ದೊಡ್ಡ ತಪ್ಪು. ಸಾಮಾನ್ಯವಾಗಿ ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ನುಡಿ ಕೆಡುತ್ತದೆ. ಆದರೆ ಅನೇಕರಲ್ಲಿ ತಿಳಿವಳಿಕೆ ಉಳಿದಿರುತ್ತದೆ. ಒಂದು ಮಾತನ್ನೂ ಆಡಲಾರದ ಕೆಲವರು ಬಾಲ್ಯದಲ್ಲಿ ಕಲಿತ ಹಾಡನ್ನು ಪದ ತಪ್ಪದೆ ಹಾಡುವುದುಂಟು.

1868ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಆಗ ಅವರಿಗೆ 45 ವರ್ಷ. ಎಡಭಾಗ ನಿಶ್ಚೇಷ್ಟಿತವಾಯಿತು. ಇವರಿನ್ನು ಬದುಕಲಾರರೆಂದು ಅವರಿಗಾಗಿ ಕಟ್ಟುತ್ತಿದ್ದ ಪ್ರಯೋಗಶಾಲೆಯ ಕೆಲಸವನ್ನೇ ನಿಲ್ಲಿಸಿದರು. ದೇಹದ ಬೇನೆಗಿಂತ ಈ ಸಂಗತಿ ಅವರನ್ನು ಹೆಚ್ಚು ನೋಯಿಸಿತು. ವಿಷಯ ತಿಳಿದ ಚಕ್ರವರ್ತಿ ಮೂರನೆಯ ನೆಪೋಲಿಯನ್ ಕಟ್ಟಡವನ್ನು ಮುಂದುವರಿಸಲು ಆಜ್ಞಾಪಿಸಿದನು. ಎಡಗೈ, ಎಡಗಾಲುಗಳ ಊನ ಕೊನೆಯವರೆಗೂ ಉಳಿಯಿತು. ಆದರೂ ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಅವರು ಮನುಷ್ಯರ ಮೇಲೆ ಪ್ರಯೋಗಿಸಿ ಯಶಸ್ವಿಯಾದುದು 1885ರಲ್ಲಿ, ಅಂದರೆ 17 ವರ್ಷಗಳ ತರುವಾಯ!

ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಆವರಿಸುತ್ತದೆಂದು ವೈದ್ಯರು ಹೇಳುತ್ತಾರೆ. ಊಟ ಒಲ್ಲೆನೆನ್ನುವುದು, ವ್ಯಾಯಾಮಕ್ಕೆ ಏಳದಿರುವುದು ಹಟವಲ್ಲ, ಸೋಮಾರಿತನವೂ ಅಲ್ಲ. ಅದೂ ಒಂದು ರೋಗ, ಅದಕ್ಕೂ ಔಷಧವಿದೆ. ಕಾರಣವಿಲ್ಲದೆ ಅಳುವುದು, ನಗುವುದು ಕೂಡ ಮಿದುಳಿನ ಪೆಟ್ಟಿನ ಫಲವೇ ಆಗಿರಬಹುದು. ಇವನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು.

ಅತಿಯಾದ ಉಪಚಾರವೂ ಸಲ್ಲದು. ತಾವೇ ತುತ್ತೆತ್ತಿ ಉಣ್ಣಬಲ್ಲವರಿಗೆ ಮಮತೆಯಿಂದ ಉಣಿಸುತ್ತ ಹೋದರೆ, ಬಳಸದ ಕೈ ಬಳಕೆಯನ್ನೇ ಮರೆಯುತ್ತದೆ. ತಡವಾದರೂ ಗುಂಡಿಯನ್ನು ಅವರೇ ಹಾಕಿಕೊಳ್ಳಲಿ. ಕಾಳು ಆರಿಸುವುದೋ, ಮೊಮ್ಮಗನ ಪಾಠ ಕೇಳುವುದೋ, ಅವರದೆಂಬ ಒಂದು ಕಾಯಕವಿರಲಿ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಅನಂತರ ನಿಧಾನವಾದರೂ ನಿಲ್ಲುವುದಿಲ್ಲ. ನೆರೆಯವರು ಬಂದು ನಾಲ್ಕು ಮಾತನಾಡಲಿ, ಉತ್ತರಕ್ಕೆ ತಾಳ್ಮೆಯಿಂದ ಕಾಯಲಿ. ಹಗಲಿರುಳು ಸೇವೆಮಾಡುವ ಮಡದಿಗೆ, ಸೊಸೆಗೆ ಉಳಿದವರು ಸರದಿಯಂತೆ ಬಿಡುವು ಕೊಡಲಿ. ಅವರು ಕುಸಿದರೆ ರೋಗಿಯೂ ಕುಸಿಯುತ್ತಾರೆ.

ನಾವು ಹೊರಡುವ ವೇಳೆಗೆ ಹಿರಿಯ ಮಗನು ತಂದೆಯ ಪಕ್ಕದಲ್ಲಿ ಕುಳಿತು ಹೊಲದ ವಿಚಾರವನ್ನು ಮೊದಲಿನಿಂದ ವಿವರಿಸತೊಡಗಿದ್ದನು. ಯಜಮಾನರು ಪೂರ್ತಿ ಕೇಳಿ, ಎಡಗೈಯೆತ್ತಿ ಬೇಡವೆಂದು ಸನ್ನೆ ಮಾಡಿದರು. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಆ ಮನೆಯಲ್ಲಿ ಮೂರು ತಿಂಗಳ ಮೇಲೆ ಯಜಮಾನರ ಮಾತು ನಡೆದ ದಿನವದು.